ಮೊದಲ ಸಾಲಿನಿಂದ ತಿಂದ ಗೆದ್ದಲು

ದನದ ಮದ್ದುಗಳನ್ನು ಹೊತ್ತಿದ್ದ ಮುದಿ ಓಲೆಗರಿಯ ಅಕ್ಷರಗಳನ್ನು ಕಂಟವೆಂಬ ಉಕ್ಕಿನ ಲೇಖನಿಯೊಂದು ಹೊಸ ಗರಿಯ ಮೇಲೆ ಕೊರೆಯುತ್ತಿತ್ತು. ಇನ್ನೆರಡೇ ಸಾಲು ಉಳಿದಿದ್ದಾಗ ಗೆದ್ದಲೊಂದು ಅಡಿಯಿಂದ ಮೂತಿ ತೂರಿಸಿ, "ಅಜ್ಜಿ, ನಿನ್ನ ಕೊನೇ ಸಾಲಿಂದ್ಲೇ ಶುರು ಮಾಡ್ತೀನಿ" ಅಂತು.

ಹೊಸ ಗರಿಗೆ ಇನ್ನೂ ಇಳಿಯದ ಆ ಸಾಲು ಹೋದರೆ ಅದರಲ್ಲಿದ್ದ ಮದ್ದು ಲೋಕದಿಂದಲೇ ಹೋದಂತೆ. ಆದರೂ ಓಲೆ ಬಿಗುಮಾನ ಬಿಡಲಿಲ್ಲ. "ಥೂ, ಪಂಡಿತರು ಯಾರಾದ್ರೂ ಗ್ರಂಥಾನ ಕೊನೆಯಿಂದ ಹಿಡೀತಾರೇನೋ?"

ಪಂಡಿತನಾಗುವ ಆಸೆಗೆ ಗೆದ್ದಲು ಮೊದಲ ಸಾಲಿಗೆ ಓಡಿತು. ಒಂದೊಂದೇ ಅಕ್ಷರ ನುಂಗುತ್ತ ಕೊನೆಗೆ ಬಂದು, "ವಿದ್ಯೆಯೆಲ್ಲ ಈಗ ನಂದು" ಎಂದು ಬೀಗಿತು.

"ಹೌದಾ ಪಂಡಿತರೇ? ಹೊಟ್ಟೆಯುಬ್ಬರಕ್ಕೆ ಮದ್ದೇನು, ಹೇಳಿ."

ಗೆದ್ದಲು ಬಾಯಿ ತೆರೆಯಿತು. ಬರೀ ಪುಡಿ ಉದುರಿತು. ಅಷ್ಟರಲ್ಲಿ ಕೊರೆದು ಮುಗಿದ ಹೊಸ ಗರಿಗೆ ಮಸಿ ಸವರಿ ಆಗಿತ್ತು. ಕೊನೆಯ ಸಾಲಿನವರೆಗೂ ಅಕ್ಷರಗಳು ಕಪ್ಪಗೆ ಎದ್ದು ನಿಂತವು.

ತೂತುಬಿದ್ದ ಓಲೆ ರಾಣಿಯ ಹಾಗೆ ನಕ್ಕಿತು. "ಉಳಿದದ್ದೂ ತಿನ್ನಪ್ಪಾ. ಇನ್ನು ನಾನು ಬರೀ ಎಲೆ."