ಎರಡು ಮೊಳದ ಕಾರು

ಫಕ್ಕೀರೇಶ ಎಂಬ ಸರ್ವೆಯರ್ ಹುಬ್ಬಳ್ಳಿಗೆ ವರ್ಗವಾಗಿ ಬಂದ. ಮಂದಿಯ ಹೊಲ ಅಳೆಯುವುದು ಅವನ ಕೆಲಸ. ವಾರದ ದಿನಗಳು ಹೇಗೋ ಕಳೆಯುತ್ತಿದ್ದವು. ಭಾನುವಾರ ಬಂತೆಂದರೆ ಮಾತಾಡಲು ಒಂದು ನರಪಿಳ್ಳೆಯೂ ಇಲ್ಲ. ಖಾನಾವಳಿಯಲ್ಲಿ 'ಇನ್ನೊಂದು ರೊಟ್ಟಿ' ಎಂದರೆ ಅದೇ ಅವನ ಇಡೀ ದಿನದ ಮಾತು.

ಒಂದು ಭಾನುವಾರ, ಮುಚ್ಚಿಹೋದ ಹತ್ತಿ ಮಿಲ್ಲಿನ ಸಿಮೆಂಟ್ ಅಂಗಳದಲ್ಲಿ ಆರು ಮಂದಿ ದೊಡ್ಡವರು ರಿಮೋಟ್ ಕಾರುಗಳ ರೇಸ್ ನಡೆಸುವುದನ್ನು ಕಂಡ. ಗೇಣುದ್ದದ ಕಾರುಗಳು. ಇಟ್ಟಿಗೆ ಜೋಡಿಸಿ ಮಾಡಿದ ಕಿರಿದಾದ ದಾರಿ. ಮೂವರು ಓಡಿಸುವಾಗ ಉಳಿದ ಮೂವರು ತಿರುವುಗಳಲ್ಲಿ ನಿಂತು ಮಗುಚಿದ ಕಾರುಗಳನ್ನು ಎತ್ತಿಡಬೇಕು. ಆಮೇಲೆ ಸರದಿ ಬದಲು. ಅದು ಅಲ್ಲಿಯ ಕಟ್ಟಳೆ. ನಡುನಡುವೆ ನಗು, ಜಗಳ, ಚಹಾ. ಇವರೊಳಗೆ ಒಬ್ಬನಾಗಬೇಕೆಂದು ಫಕ್ಕೀರೇಶನಿಗೆ ತುಂಬ ಆಸೆಯಾಯಿತು.

"ಯಾವ ಕಾರು ತಗೊಳ್ಳಲಿ?" ಎಂದು ಕೇಳಿದ.

ಅವರಲ್ಲಿ ಹಿರಿಯ, ಗಡಿಯಾರ ರಿಪೇರಿಯ ಮೌಲಾಸಾಬ್, "ಎಲ್ಲಿ ಓಡಸ್ತೀರಿ, ಯಾರ ಜೋಡಿ ಓಡಸ್ತೀರಿ, ಅದನ್ನ ಮೊದ್ಲ ನೋಡ್ರಿ ಸಾಹೇಬ್ರ. ಕಾರು ಆಮ್ಯಾಲೆ" ಎಂದ.

ಫಕ್ಕೀರೇಶ ಕೇಳಿಸಿಕೊಂಡ, ಆದರೆ ಕಿವಿಗೆ ಹಾಕಿಕೊಳ್ಳಲಿಲ್ಲ. ದೊಡ್ಡ ಕಾರು ತಂದರೆ ಎಲ್ಲರೂ ತನ್ನ ಸುತ್ತ ನೆರೆಯುತ್ತಾರೆ ಎಂದು ಎಣಿಸಿದ. ಎರಡು ಮೊಳ ಉದ್ದದ, ತಬ್ಬಿ ಎತ್ತಬೇಕಾದ ಕಾರು ತಂದ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ!

ಎಲ್ಲರೂ ನೆರೆದರು, ನಿಜ. ಐದು ನಿಮಿಷ. ಕಾರು ಮೊದಲ ತಿರುವಿಗೇ ಇಟ್ಟಿಗೆ ಸಾಲನ್ನು ಚೆಲ್ಲಾಪಿಲ್ಲಿ ಮಾಡಿತು. "ಇದು ಬಡದ್ರ ಕಾಲ ಮುರೀತೈತಿ" ಎಂದು ತಿರುವಿನಲ್ಲಿದ್ದವರು ಹಿಂದೆ ಸರಿದರು. ಚಿಕ್ಕ ಕಾರುಗಳ ಜೊತೆ ಅದನ್ನು ಬಿಡುವ ಹಾಗಿರಲಿಲ್ಲ. ಎಲ್ಲರ ರೇಸ್ ಮುಗಿದ ಮೇಲೆ, ಇಟ್ಟಿಗೆ ತೆಗೆದು, ಅವನಿಗೆ ಅಂಗಳ ಬಿಟ್ಟುಕೊಟ್ಟರು.

ಅವನು ಒಬ್ಬನೇ ಓಡಿಸಿದ. ವಾರ ವಾರವೂ ಅವನೇ ಮೊದಲು. ಅವನೇ ಕೊನೆ ಕೂಡ.

ನಾಲ್ಕನೇ ವಾರ ಕಾರು ಮಗುಚಿತು. ಚಕ್ರಗಳು ಮೇಲೆ ಮುಖಮಾಡಿ ತಿರುಗುತ್ತಲೇ ಇದ್ದವು. ಉಳಿದವರ ರೇಸ್ ನೋಡಿದ ರೂಢಿಯಿಂದ ಫಕ್ಕೀರೇಶ ಮೊದಲು ತಿರುವು ಇದ್ದ ಕಡೆ ನೋಡಿದ. ಯಾರೂ ಇರಲಿಲ್ಲ. ಎಲ್ಲರೂ ಚಹಾಕ್ಕೆ ಹೋಗಿದ್ದರು. ಅಷ್ಟಗಲದ ಅಂಗಳ ದಾಟಿ ತಾನೇ ನಡೆದುಹೋಗಿ ಕಾರನ್ನು ಎತ್ತಿದ. ಅವನಿಗೆ ಅಳು ಬಂತು. ಗಂಡಸಾಗಿ ಆಟಿಕೆಗೆ ಅಳುವುದೇ ಎಂದು ನೀವು ನಗಬೇಡಿ. ಅವನು ಅತ್ತದ್ದು ಆಟಿಕೆಗಲ್ಲ.

ಎರಡು ವಾರ ಅವನು ಆ ಕಡೆ ಸುಳಿಯಲಿಲ್ಲ. ಮೂರನೇ ವಾರ ಗೇಣುದ್ದದ ಕಾರು ಹಿಡಿದು ಬಂದ. ಮೌಲಾಸಾಬ್ ರೇಸಿನ ಸರದಿ ಪಟ್ಟಿಯಲ್ಲಿ ಅವನ ಹೆಸರು ಬರೆದುಕೊಂಡ.

ಫಕ್ಕೀರೇಶನ ಕಾರು ನಾಲ್ಕು ಸಲ ಮಗುಚಿತು. ನಾಲ್ಕು ಸಲವೂ ಯಾರೋ ಓಡಿಬಂದು ಎತ್ತಿಟ್ಟರು. ಅವನು ಎಲ್ಲರಿಗಿಂತ ಕೊನೆಗೆ ಬಂದ. ಆಮೇಲೆ ತನ್ನ ಸರದಿಗೆ ತಿರುವಿನಲ್ಲಿ ನಿಂತ. ಒಂದು ಹಸಿರು ಕಾರು ಅವನ ಕಾಲ ಬುಡದಲ್ಲೇ ಬೋರಲು ಬಿತ್ತು.

"ಫಕ್ಕೀರೇಶಣ್ಣಾ, ಲಗೂನ ಎತ್ತೋ ಮಾರಾಯ!" ಎಂದು ಆ ಕಡೆಯಿಂದ ಯಾರೋ ಕೂಗಿದರು.

ಆ ಊರಿಗೆ ಬಂದು ಐದು ತಿಂಗಳಾಗಿತ್ತು. ಅವನನ್ನು ಯಾರಾದರೂ ಹೆಸರು ಹಿಡಿದು ಕೂಗಿದ್ದು ಅದೇ ಮೊದಲು.

ನೀತಿ: ಎಲ್ಲರಿಗಿಂತ ದೊಡ್ಡದನ್ನು ಆರಿಸಿಕೊಂಡವನು ಒಬ್ಬನೇ ಗೆಲ್ಲಬೇಕು, ಬಿದ್ದರೆ ಒಬ್ಬನೇ ಏಳಬೇಕು. ಜೊತೆಗೆ ಓಡುವವರಿಗೆ ಹೊಂದುವ ಅಳತೆಯೇ ಸರಿಯಾದ ಅಳತೆ.