ಡಬ್ಬಿಯಲ್ಲಿ ಕಡಿಮೆಯಾದದ್ದು

ಚೆನ್ನವೀರನಿಗೆ ಅನುಮಾನ ಹುಟ್ಟಿದ್ದು ಒಂದು ಡಬ್ಬಿಯಿಂದ.

ಹೊಳೆದಂಡೆಯ ಆ ಆಶ್ರಮದಲ್ಲಿ ಶಿಷ್ಯರು ತಂಬೂರಿಗೆ ಉಕ್ಕಿನ ತಂತಿ ಎಳೆಯುತ್ತಿದ್ದರು. ದಪ್ಪ ತಂತಿಯನ್ನು ಅಚ್ಚಿನ ಸಣ್ಣ ತೂತಿಗೆ ತೂರಿಸಿ ಎಳೆದರೆ ತೆಳ್ಳಗಾಗಿ ಹೊರಬರುತ್ತಿತ್ತು. ಎಳೆಯುವಾಗ ಮೇಲಿಂದ ಹಾಲಿನಂಥ ನೀರು ಸುರಿಯಬೇಕು. ನೀರಿಗೆ ಎಣ್ಣೆ ಕದಡಿ, ಡಬ್ಬಿಯಿಂದ ಎರಡು ಚಮಚ ಗಂಧಕದೆಣ್ಣೆ ಬೆರೆಸಿದ್ದು ಅದು.

ಆ ಬಿಳಿನೀರು ತೊಟ್ಟಿಗಿಳಿದು ಮತ್ತೆ ಬಳಕೆಗೆ ಬರುತ್ತಿತ್ತು. ಗಂಧಕದೆಣ್ಣೆಯನ್ನು ಮಾತ್ರ ದಿನಾ ಹಾಕಬೇಕು. ಡಬ್ಬಿ ಹಿರಿಯ ಶಿಷ್ಯ ಕೆಂಚಪ್ಪನ ಕೈಯಲ್ಲಿ. ಹದಿನೈದು ದಿನಕ್ಕೆ ಖಾಲಿ.

ಎಲ್ಲಿಗೆ ಹೋಗುತ್ತೆ ಅದು? ಅನುಮಾನ ಅನ್ನೋದು ಕಿವಿಗೆ ಹೊಕ್ಕ ಇರುವೆ, ಸುಮ್ಮನೆ ಕೂರಗೊಡದು. ಕೆಂಚಪ್ಪ ಸಂತೆಗೆ ಹೊರಟರೆ ಚೆನ್ನವೀರ ಅವನ ಚೀಲ ನೋಡಿದ. ಅವನು ನಕ್ಕರೆ ಯಾಕೆ ನಕ್ಕ ಅಂತ ನೋಡಿದ. ಕೊನೆಗೆ ಎಲ್ಲರೆದುರು ಅಂದೇಬಿಟ್ಟ: "ಇವನು ಕದ್ದು ಮಾರ್ತಿದ್ದಾನೆ."

ಕೆಂಚಪ್ಪ ಡಬ್ಬಿಯನ್ನು ಅವನ ಕೈಗಿಟ್ಟು, ಗಂಟು ಕಟ್ಟಲು ಎದ್ದುಹೋದ. ಹನ್ನೊಂದು ವರ್ಷ ಇದ್ದವನು.

ಗುರು ರುದ್ರಮುನಿಗಳು ಚೆನ್ನವೀರನನ್ನು ಕೇಳಿದರು, "ಈಗ ಡಬ್ಬಿ ನಿನ್ನದು. ಎಷ್ಟು ಹಾಕ್ತೀಯ?"

"ಒಂದು ತೊಟ್ಟೂ ಇಲ್ಲ. ಹೊಸದಾಗಿ ನೀರು, ಎಣ್ಣೆ ಅಷ್ಟೇ ಕದಡ್ತೀನಿ. ತಂತಿ ಬರದೆ ಎಲ್ಲಿಗೆ ಹೋಗುತ್ತೆ?"

"ಸರಿ, ಎಳಿ."

ನೀರು ಎಂದಿನಷ್ಟೇ ಬೆಳ್ಳಗಿತ್ತು. ಎರಡು ಮಾರು ತಂತಿ ಚೆನ್ನಾಗಿಯೇ ಬಂತು. ಆಮೇಲೆ ಅಚ್ಚು ಕಿರುಗುಟ್ಟಿತು. ತಂತಿಯ ಮೈತುಂಬ ಗೀರು. ಇನ್ನೊಂದು ಜಗ್ಗು ಜಗ್ಗುವಷ್ಟರಲ್ಲಿ ಕಡಿದು ಅವನ ಕೈಗೇ ಬಡಿಯಿತು.

ಗುರುಗಳು ಹಳೆ ತೊಟ್ಟಿಯ ತಳದಿಂದ ಒಂದು ಹಿಡಿ ಕಪ್ಪು ರಾಡಿ ತೆಗೆದರು. "ಮೂಸಿ ನೋಡು."

"ಗಂಧಕ," ಅಂದ ಚೆನ್ನವೀರ. ದನಿ ಇಳಿದಿತ್ತು.

"ಉಜ್ಜಾಟದ ಬಿಸಿ ಏರಿದಾಗ ಅದು ತಂತಿಗೆ ಪೊರೆಯಾಗಿ ಅಂಟಿಕೊಳ್ಳುತ್ತೆ. ಅಚ್ಚು ಆ ಪೊರೆಯನ್ನ ಕೆರೆಯುತ್ತೆ, ತಂತಿಯನ್ನಲ್ಲ. ಕೆರೆದದ್ದು ಇಲ್ಲಿಗೆ ಬೀಳುತ್ತೆ."

"ಹಾಗಾದರೆ ಯಾರೂ ಕದ್ದಿಲ್ಲ."

"ತಂತಿ ಸವೆಯಬೇಕಾದ ಕಡೆ ಅದು ಸವೀತು. ನೀನು ಡಬ್ಬಿಯನ್ನ ಮಾತ್ರ ನೋಡಿದೆ."

ಚೆನ್ನವೀರನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಕಡಿದ ತುಂಡುಗಳನ್ನು ಆಯತೊಡಗಿದ. "ಡಬ್ಬಿಯದನ್ನ ಬೆರೆಸಿ ಮತ್ತೆ ಎಳೀತೀನಿ ಗುರುಗಳೇ, ಈಗಲೇ."

ಗುರುಗಳು ಹೊಳೆಯ ಕಡೆ ನೋಡುತ್ತಿದ್ದರು. ಅಲ್ಲಿ ಕೆಂಚಪ್ಪ ಗಂಟು ಹೊತ್ತು ದೋಣಿ ಹತ್ತುತ್ತಿದ್ದ.

"ತಂತಿ ನಾಳೆಯೂ ಎಳೀಬಹುದು. ದೋಣಿ ಇನ್ನೂ ಬಿಟ್ಟಿಲ್ಲ."