ಟಿಫಿನ್ ಡಬ್ಬಿಯ ಪೆಡಲ್

“ಗುರುಗಳೇ, ಸಾಧನೆ ಫಲ ಕೊಡುತ್ತಿದೆಯೆಂದು ತಿಳಿಯುವುದು ಹೇಗೆ?” ಎಂದು ಮಲ್ಲಿನಾಥ ಕೇಳಿದ. ಹೆಂಡತಿ ಮಕ್ಕಳ ಮೇಲೆ ಹರಿಹಾಯುವ ಚಾಳಿ ಬಿಡಬೇಕೆಂದು ಧ್ಯಾನಕ್ಕೆ ಕೂತವನು ಅವನು. “ಸಿಟ್ಟು ದಿನದಿನಕ್ಕೆ ಇಳಿಯುತ್ತಿರುವುದು ನನ್ನ ಅನುಭವಕ್ಕೆ ಬರುತ್ತಿದೆ. ಆದರೂ ಒಮ್ಮೊಮ್ಮೆ ಗೊಂದಲವಾಗುತ್ತದೆ.”

ಗುರುಗಳು ಒಂದು ಕತೆ ಹೇಳಿದರು.

ಒಂದು ಆರ್ಕೆಸ್ಟ್ರಾದಲ್ಲಿ ಒಬ್ಬ ಗಿಟಾರ್ ವಾದಕನಿದ್ದ. ಡ್ರಮ್ಸ್ ಶುರುವಾದರೆ ಅವನ ಗಿಟಾರ್ ಇದೆಯೋ ಇಲ್ಲವೋ ಎನ್ನುವಂತಾಗುತ್ತಿತ್ತು. ಮುಂದಿನ ಕಾರ್ಯಕ್ರಮದಲ್ಲೂ ಹೀಗೇ ಆದರೆ ಬೇರೊಬ್ಬನನ್ನು ಕರೆತರುವೆನೆಂದು ಯಜಮಾನ ಖಡಾಖಂಡಿತವಾಗಿ ಹೇಳಿಬಿಟ್ಟ. ಓವರ್‌ಡ್ರೈವ್ ಪೆಡಲ್ ಎಂಬುದೊಂದಿದೆ. ಕಾಲಿನಿಂದ ಒತ್ತಿದರೆ ಗಿಟಾರಿನ ನಾದ ಒರಟಾಗಿ ಗುಡುಗುತ್ತದೆ. ಅದನ್ನು ತಾನೇ ಕಟ್ಟುವೆನೆಂದು ವಾದಕ ಹೊರಟ.

ತಂಗಿಯ ಸ್ಟೀಲಿನ ಟಿಫಿನ್ ಡಬ್ಬಿಗೆ ತೂತು ಕೊರೆದ. ಒಳಗೆ ತಂತಿಗಳನ್ನು ಬೆಸೆದ. ಒತ್ತಿದಾಗ, ಪೆಡಲ್ ಚಾಲೂ ಆಯಿತೆಂದು ತೋರಿಸುವ ಕೆಂಪು ದೀಪ ಹತ್ತಿತು. ಅವನ ಸಂತೋಷಕ್ಕೆ ಪಾರವೇ ಇರಲಿಲ್ಲ. ಒಂದು ಬಿಡಿಭಾಗ ಕಿತ್ತು ಬೇರೊಂದನ್ನು ಹಾಕಿ ನುಡಿಸಿದ; ನಾದಕ್ಕೆ ಮೈ ತುಂಬಿತು ಎಂದುಕೊಂಡ. ಮತ್ತೊಂದನ್ನು ಬದಲಿಸಿದ, ಈಗ ಹದಕ್ಕೆ ಬಂತು ಎಂದುಕೊಂಡ. ತಂಗಿಯನ್ನು ಕರೆದು ಕೇಳಿಸಿದ.

“ನಂಗೇನೋ ನಿನ್ನೆ ಥರಾನೇ ಕೇಳಿಸ್ತಿದೆ ಕಣೋ ಅಣ್ಣ,” ಎಂದಳು ಅವಳು.

“ಡಬ್ಬಿ ಹೋಯ್ತು ಅಂತ ಹೊಟ್ಟೆಯುರಿ ನಿನಗೆ. ಇದನ್ನ ಕೇಳೋಕೆ ಕಿವಿ ಪಳಗಿರಬೇಕು,” ಎಂದು ಅವಳ ಬಾಯಿ ಮುಚ್ಚಿಸಿದ.

ದೀಪ ಆರಿಸಿ ನುಡಿಸಿ ನೋಡಬೇಕೆಂದು ಮಾತ್ರ ಅವನಿಗೆ ಹೊಳೆಯಲಿಲ್ಲ. ಅಷ್ಟು ಕಷ್ಟಪಟ್ಟು ಕಟ್ಟಿದ್ದನ್ನು ಯಾರಾದರೂ ಆರಿಸುತ್ತಾರೆಯೇ?

ಕಾರ್ಯಕ್ರಮದ ದಿನ ಬಂತು. ಮೊದಲನೆಯದೇ ಅಬ್ಬರದ ಹಾಡು; ಪೆಡಲ್ ಒತ್ತಿದ. ದೀಪ ಹತ್ತಿತು, ಗಿಟಾರ್ ಎಂದಿನಂತೆ ಡ್ರಮ್ಸಿನಡಿ ಮುಳುಗಿತು. ಯಜಮಾನ ದುರುಗುಟ್ಟಿ ನೋಡಿದ. ವಾದಕನಿಗೆ ಏನೊಂದೂ ತಿಳಿಯಲಿಲ್ಲ. ಮುಂದಿನದು ಜೋಗುಳ. ಮೆಲ್ಲಗೆ ನುಡಿಸಬೇಕೆಂದು ಇನ್ನೊಮ್ಮೆ ಒತ್ತಿ ದೀಪ ಆರಿಸಿ ತಂತಿ ಮೀಟಿದ. ಸಭಾಂಗಣವೇ ನಡುಗುವಂತೆ ಗಿಟಾರ್ ಗರ್ಜಿಸಿತು. ಹಾಡುತ್ತಿದ್ದವಳು ಬೆಚ್ಚಿ ನಿಂತಳು. ಜನ ಬಿದ್ದು ಬಿದ್ದು ನಕ್ಕರು. ಅವನು ಗಾಬರಿಯಲ್ಲಿ ಮತ್ತೆ ಒತ್ತಿದ. ದೀಪ ಹತ್ತಿತು, ಗರ್ಜನೆ ನಿಂತಿತು. ಯಜಮಾನ ಅವನನ್ನು ಅಂದೇ ಮನೆಗೆ ಕಳಿಸಿದ.

ಮನೆಗೆ ಬಂದು ಡಬ್ಬಿ ಬಿಚ್ಚಿದ. ಒತ್ತುಗುಂಡಿಯ ತಂತಿಗಳನ್ನು ಅದಲುಬದಲಾಗಿ ಬೆಸೆದಿದ್ದ. ದೀಪ ಉರಿಯುವಾಗ ಪೆಡಲ್ ಕೆಲಸವನ್ನೇ ಮಾಡುತ್ತಿರಲಿಲ್ಲ, ಆರಿದಾಗ ಮಾಡುತ್ತಿತ್ತು. ಇಷ್ಟು ದಿನ ಅವನು ಕೇಳಿದ್ದು ಬರೀ ಗಿಟಾರನ್ನು. ಹಾಗಾದರೆ ಆ ಮೈತುಂಬಿದ ನಾದ, ಆ ಹದ? ಸುಳ್ಳೆಂದರೆ ತನ್ನ ಕಿವಿಯನ್ನೇ ನಂಬುವಂತಿಲ್ಲ. ನಿಜವೆಂದರೆ ಅದು ಬಂದದ್ದಾದರೂ ಎಲ್ಲಿಂದ? ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ತಂತಿ ಮುಟ್ಟಲು ಧೈರ್ಯ ಬರಲಿಲ್ಲ.

ಮಲ್ಲಿನಾಥನಿಗೆ ನಗು ತಡೆಯಲಾಗಲಿಲ್ಲ. “ಎಂಥ ಮೂಢ, ಗುರುಗಳೇ! ಒಂದೇ ಸೂರಿನಡಿ ಇದ್ದ ತಂಗಿ ಬಾಯಿಬಿಟ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲವಲ್ಲ.”

ಅವನ ನಗು ಮುಗಿಯುವವರೆಗೆ ಗುರುಗಳು ಕಾದರು. ಆಮೇಲೆ ಕೇಳಿದರು:

“ಏನೂ ಬದಲಾಗಿಲ್ಲವೆಂದು ನಿನ್ನ ಹೆಂಡತಿ ಹೇಳಿದಾಗ ನೀನೇನು ಅಂದೆ?”